ಹಳೇ ಲ್ಯಾಂಡ್ ರೋವರ್ ಬೆಳಿಗ್ಗೆ ನೆಲಕ್ಕೆ ಕೂತಿರುತ್ತಾ? ಏರ್ ಸಸ್ಪೆನ್ಷನ್ ಉಳಿಸಬೇಕಾ, ಕಾಯಿಲ್ ಸ್ಪ್ರಿಂಗ್ ಹಾಕಿಸಬೇಕಾ: ಇಲ್ಲಿದೆ ಪೂರ್ತಿ ಮಾಹಿತಿ

ಹತ್ತು ಹದಿನೈದು ವರ್ಷದ ಹಿಂದೆ ಬೆಂಗಳೂರಿನ ದೊಡ್ಡ ಮನೆಗಳ ಮುಂದೆ ನಿಲ್ಲುತ್ತಿದ್ದ ಲ್ಯಾಂಡ್ ರೋವರ್, ರೇಂಜ್ ರೋವರ್ ಗಾಡಿಗಳು ಈಗ ತಾಲ್ಲೂಕು ಕೇಂದ್ರಗಳಲ್ಲೂ ಕಾಣಿಸುತ್ತಿವೆ. ಟಾಟಾ ಕಂಪನಿ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು ಫೋರ್ಡ್‌ನಿಂದ ಕೊಂಡು, 2009ರಿಂದ ಭಾರತದಲ್ಲಿ ಶೋರೂಂ ತೆರೆದು ಮಾರಾಟ ಶುರು ಮಾಡಿತು. ಆ ಮೊದಲ ವರ್ಷಗಳ ಗಾಡಿಗಳೆಲ್ಲ ಈಗ ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದಿವೆ. ಇದರ ಜೊತೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವ್ಯಾಪ್ತಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದ ಮೇಲೆ, ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ಎನ್‌ಒಸಿ ಹಿಡಿದುಕೊಂಡು ದಕ್ಷಿಣದ ಕಡೆ ಹೊರಟವು. ಹೊಸ ಥಾರ್ ಬೆಲೆಗೆ ರೇಂಜ್ ರೋವರ್ ಸಿಗುತ್ತೆ ಅಂದರೆ ಯಾರಿಗೆ ತಾನೆ ಆಸೆ ಆಗಲ್ಲ?

ಗಾಡಿ ಮನೆಗೆ ಬಂದು ಒಂದು ಮಳೆಗಾಲ ಕಳೆಯುವುದರೊಳಗೆ ಹಲವರಿಗೆ ಒಂದೇ ಅನುಭವ. ರಾತ್ರಿ ಸರಿಯಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಕಡೆ ವಾಲಿರುತ್ತೆ, ಇಲ್ಲವೇ ಪೂರ್ತಿ ಕೆಳಗೆ ಕೂತಿರುತ್ತೆ. ಸ್ಟಾರ್ಟ್ ಮಾಡಿದರೆ ಗುರ್ ಅಂತ ಸದ್ದು ಮಾಡಿ ನಿಧಾನಕ್ಕೆ ಮೇಲೇಳುತ್ತೆ. ಒಂದು ದಿನ ಏಳುವುದೇ ಇಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತೆ. ಆಗ ಸಿಗುವ ಸಲಹೆ ಎರಡು. "ಆ ಗಾಳಿ ಗೋಜೆಲ್ಲ ಕಿತ್ತು ಹಾಕಿ, ಕಾಯಿಲ್ ಸ್ಪ್ರಿಂಗ್ ಕೂರಿಸಿ ಬಿಡಿ" ಎನ್ನುವುದು ಒಂದು. "ಕಂಪ್ರೆಸರ್ ಹೋಗಿದೆ, ಹೊಸದು ತರಿಸಿ" ಎನ್ನುವುದು ಇನ್ನೊಂದು. ಸೋರಿಕೆ ಎಲ್ಲಿದೆ ಅಂತ ಹುಡುಕುವ ಮೊದಲೇ ಹೇಳಿದರೆ ಈ ಎರಡೂ ಸಲಹೆ ದುಬಾರಿ. ನಿಜವಾದ ದೋಷ ಎಷ್ಟೋ ಸಲ ಒಂದು ರಬ್ಬರ್ ರಿಂಗ್‌ನಲ್ಲೋ, ಒಂದು ಪೈಪಿನ ಜೋಡಣೆಯಲ್ಲೋ ಇರುತ್ತೆ.

ಗಾಳಿಯ ಮೇಲೆ ಗಾಡಿ ನಿಲ್ಲುವುದು ಹೇಗೆ

ಏರ್ ಸಸ್ಪೆನ್ಷನ್ ಜಿಲ್ಲೆಯವರಿಗೆ ಹೊಸದೇನಲ್ಲ. ಕೆಎಸ್‌ಆರ್‌ಟಿಸಿಯ ಐರಾವತ ವೋಲ್ವೊ ಬಸ್ ನಿಂತಾಗ "ಪುಸ್" ಅಂತ ಗಾಳಿ ಬಿಡುವ ಸದ್ದು ಎಲ್ಲರೂ ಕೇಳಿದ್ದಾರೆ. ಬೆಂಗಳೂರಿನ ಬಿಎಂಟಿಸಿಯ ತಗ್ಗು ನೆಲದ ವೋಲ್ವೊಗಳು ನಿಲ್ದಾಣದಲ್ಲಿ ಒಂದು ಪಕ್ಕಕ್ಕೆ ಬಾಗಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದೂ ಇದೇ ಗಾಳಿಯ ಆಟ. ಕಾರಿನಲ್ಲಿ ಅದನ್ನೇ ಚಿಕ್ಕದು ಮಾಡಿ, ಕಂಪ್ಯೂಟರ್ ಸೇರಿಸಿದ್ದಾರೆ, ಅಷ್ಟೆ.

ಪ್ರತಿ ಚಕ್ರದ ಮೇಲೂ ಉಕ್ಕಿನ ಸ್ಪ್ರಿಂಗ್ ಬದಲು ದಪ್ಪ ರಬ್ಬರಿನ ಒಂದು ಚೀಲ ಇರುತ್ತೆ. ಮೆಕ್ಯಾನಿಕ್‌ಗಳು ಇದನ್ನು ಬೆಲ್ಲೋ ಅಂತಲೂ, ಬಲೂನ್ ಅಂತಲೂ, ಏರ್‌ಬ್ಯಾಗ್ ಅಂತಲೂ ಕರೆಯುತ್ತಾರೆ. ಸ್ಟೀರಿಂಗ್‌ನಲ್ಲಿ ಅಪಘಾತದ ವೇಳೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಬೇರೆ, ಇದು ಬೇರೆ. ಫೋನಿನಲ್ಲಿ ಬಿಡಿಭಾಗ ಹೇಳುವಾಗ ಈ ಗೊಂದಲ ಆಗಿ ಬೇರೆಯದೇ ಸಾಮಾನು ಬಂದಿಳಿಯಬಹುದು. ಚೀಲಕ್ಕೆ ಗಾಳಿ ತುಂಬಲು ಕರೆಂಟಿನಲ್ಲಿ ಓಡುವ ಸಣ್ಣ ಕಂಪ್ರೆಸರ್, ಗಾಳಿ ಕೂಡಿಡಲು ಒಂದು ಟ್ಯಾಂಕ್, ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂದು ಬಿಡುವ ವಾಲ್ವ್ ಬ್ಲಾಕ್, ಗಾಳಿಯ ತೇವ ಹೀರುವ ಡ್ರೈಯರ್, ಪ್ರತಿ ಮೂಲೆಯ ಎತ್ತರ ಅಳೆಯುವ ಸೆನ್ಸರ್, ಇವೆಲ್ಲವನ್ನೂ ಆಳುವ ಒಂದು ಕಂಪ್ಯೂಟರ್. ರೇಂಜ್ ರೋವರ್‌ನ ಹಳೇ ಮಾದರಿಯಲ್ಲಿ ಟ್ಯಾಂಕಿನ ಒತ್ತಡ ಸುಮಾರು 10 ಬಾರ್, ಅಂದರೆ ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 150 ಪೌಂಡ್ ಹತ್ತಿರ. ಕಾರಿನ ಟೈರಿಗೆ ಹೊಡೆಸುವ ಗಾಳಿಯ ನಾಲ್ಕೈದು ಪಟ್ಟು.

ಇಷ್ಟೆಲ್ಲ ಯಾಕೆ ಬೇಕಿತ್ತು? ಉತ್ತರ ಭಾರದಲ್ಲಿದೆ.

ಕಾಯಿಲ್ ಸ್ಪ್ರಿಂಗ್ ಒಂದು ಲೆಕ್ಕಕ್ಕೆ ಕಟ್ಟುಬಿದ್ದದ್ದು. ಉದಾಹರಣೆಗೆ ಹಿಂದಿನ ಒಂದೊಂದು ಸ್ಪ್ರಿಂಗ್ 4 ಕೆ.ಜಿ. ಭಾರಕ್ಕೆ 1 ಮಿಲಿಮೀಟರ್ ಕುಗ್ಗುತ್ತೆ ಅಂದುಕೊಳ್ಳಿ. ಹಿಂದೆ 50 ಕೆ.ಜಿ.ಯ 4 ಮೂಟೆ ಗೊಬ್ಬರ ಹಾಕಿದರೆ ಒಂದೊಂದು ಬದಿಗೆ 100 ಕೆ.ಜಿ., ಗಾಡಿ 25 ಮಿ.ಮೀ. ಕೂರುತ್ತೆ. 8 ಮೂಟೆ ಹಾಕಿದರೆ 50 ಮಿ.ಮೀ., ಅಂದರೆ ಎರಡು ಇಂಚು. ಮುಂದಿನ ಹೆಡ್‌ಲೈಟ್ ಆಕಾಶ ನೋಡುತ್ತೆ, ಹಿಂದಿನ ಹೊಟ್ಟೆ ಹಂಪ್‌ಗೆ ತಾಗುತ್ತೆ. ಕೂರಬಾರದು ಅಂತ ಗಟ್ಟಿ ಸ್ಪ್ರಿಂಗ್ ಹಾಕಿದರೆ ಭಾರ ಇಲ್ಲದ ದಿನ ಗಾಡಿ ಎತ್ತಿ ಎತ್ತಿ ಕುಕ್ಕುತ್ತೆ. ಖಾಲಿ ಪಿಕಪ್‌ನಲ್ಲಿ ಕೂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಳಿಯ ಚೀಲಕ್ಕೆ ಆ ಕಟ್ಟು ಇಲ್ಲ. ಭಾರ ಹೆಚ್ಚಾದರೆ ಸೆನ್ಸರ್ ಅದನ್ನು ಕಂಡು ಹೆಚ್ಚು ಗಾಳಿ ತುಂಬಿಸುತ್ತೆ, ಗಾಡಿ ಮೊದಲಿನ ಎತ್ತರಕ್ಕೆ ಬರುತ್ತೆ. ಒತ್ತಡ ಏರಿದಷ್ಟೂ ಸ್ಪ್ರಿಂಗ್ ತಾನಾಗಿ ಗಟ್ಟಿಯಾಗುತ್ತೆ, ಇಳಿದರೆ ಮೆತ್ತಗಾಗುತ್ತೆ. ಒಬ್ಬರೇ ಕೂತರೂ ಏಳು ಜನ ಕೂತು ಮದುವೆಗೆ ಹೊರಟರೂ ಗಾಡಿಯ ನಡಿಗೆ ಹೆಚ್ಚುಕಡಿಮೆ ಒಂದೇ ಥರ. ಅದರ ಮೇಲೆ, ಗುಂಡಿ ಒತ್ತಿದರೆ ಎತ್ತರ ಬದಲಿಸಬಹುದು. ಡಿಸ್ಕವರಿ 3ರಲ್ಲಿ ಸಾಮಾನ್ಯ ಎತ್ತರದಲ್ಲಿ ನೆಲದಿಂದ ಹೊಟ್ಟೆಗೆ 185 ಮಿ.ಮೀ., ಕಚ್ಚಾ ರಸ್ತೆಯ ಎತ್ತರಕ್ಕೆ ಏರಿಸಿದರೆ 240 ಮಿ.ಮೀ. ನೀರಿನಲ್ಲಿ ಹಾಯುವ ಆಳ 700 ಮಿ.ಮೀ. ವಿದೇಶದಲ್ಲಿ ಮಾರಿದ ಕಾಯಿಲ್ ಸ್ಪ್ರಿಂಗ್‌ನ ಅದೇ ಡಿಸ್ಕವರಿಗೆ ಕಂಪನಿ ಹೇಳಿದ್ದು 600 ಮಿ.ಮೀ. ಹಳ್ಳ ದಾಟಿ ತೋಟಕ್ಕೆ ಹೋಗುವವರಿಗೆ ಈ ನಾಲ್ಕು ಇಂಚಿನ ಬೆಲೆ ಗೊತ್ತು.

ಈ ಜಗಳ ಅರವತ್ತು ವರ್ಷಕ್ಕೂ ಹಳೆಯದು

ಗಾಳಿ ಬೇಡ ಅಂತ ಕಿತ್ತು ಸ್ಪ್ರಿಂಗ್ ಕೂರಿಸುವುದನ್ನು ನಮ್ಮ ಗ್ಯಾರೇಜಿನವರೇನೂ ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಂ ಏರ್ ಸಸ್ಪೆನ್ಷನ್ ಜೊತೆ ಬಂದಿತ್ತು. ಅದರ ಸೋರಿಕೆಯ ಕಾಟ ತಡೆಯಲಾರದೆ ಹಲವು ಮಾಲೀಕರು ಕಾಯಿಲ್ ಸ್ಪ್ರಿಂಗ್‌ಗೆ ಬದಲಿಸಿಕೊಂಡರು.

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ತಯಾರಾಗುತ್ತಿದ್ದ ರೇಂಜ್ ರೋವರ್ ಕಥೆ ಇನ್ನೂ ಸ್ವಾರಸ್ಯ. 1970ರಲ್ಲಿ ಅದು ಮೊದಲು ಬಂದಾಗ ಅದರ ಹೆಚ್ಚುಗಾರಿಕೆಯೇ ಕಾಯಿಲ್ ಸ್ಪ್ರಿಂಗ್ ಆಗಿತ್ತು. ಆಗಿನ ಜೀಪುಗಳಿಗೆಲ್ಲ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟು. ನಮ್ಮ ಮಾರುತಿ ಜಿಪ್ಸಿಗೆ ಕೊನೆಯವರೆಗೂ ಅದೇ ಇತ್ತು. ನಾಲ್ಕೂ ಚಕ್ರಕ್ಕೆ ಉದ್ದನೆಯ ಕಾಯಿಲ್ ಹಾಕಿದ ರೇಂಜ್ ರೋವರ್ ಗದ್ದೆಯಲ್ಲೂ ಓಡುತ್ತಿತ್ತು, ಹೆದ್ದಾರಿಯಲ್ಲೂ ಕಾರಿನಂತೆ ಸಾಗುತ್ತಿತ್ತು. ಅದಕ್ಕೆ ಗಾಳಿ ಬಂದದ್ದು 1992ರಲ್ಲಿ, ಉದ್ದ ಮಾಡಿದ ಐಷಾರಾಮಿ ಮಾದರಿಯ ಜೊತೆ. 1994ರಲ್ಲಿ ಬಂದ ಎರಡನೇ ತಲೆಮಾರಿಗೆ, ಅಂದರೆ ಪಿ38 ಎಂದು ಕರೆಯುವ ಗಾಡಿಗೆ, ಡನ್‌ಲಪ್ ಕಂಪನಿಯ ಗಾಳಿ ಚೀಲ ಕಡ್ಡಾಯವಾಗಿ ಬಂತು. 1998ರ ಡಿಸ್ಕವರಿ 2ರಲ್ಲಿ ಕೆಲವು ಮಾದರಿಗಳ ಹಿಂದಿನ ಚಕ್ರಕ್ಕೆ ಮಾತ್ರ ಗಾಳಿ. 2004ರ ಡಿಸ್ಕವರಿ 3ರಿಂದ ನಾಲ್ಕೂ ಚಕ್ರಕ್ಕೆ. ಈ ಮಾದರಿಗಳ ವ್ಯತ್ಯಾಸ ತಿಳಿದಿರುವುದು ಮುಖ್ಯ, ಯಾಕೆಂದರೆ ಕಾಯಿಲ್‌ಗೆ ಬದಲಿಸುವ ಕೆಲಸ ಒಂದರಲ್ಲಿ ಸುಲಭ, ಇನ್ನೊಂದರಲ್ಲಿ ದೊಡ್ಡ ಆಪರೇಷನ್. ಅದು ಮುಂದೆ.

ಹಾಳಾಗುವುದು ಯಾವ ಕ್ರಮದಲ್ಲಿ

ಮೊದಲು ಹಾಳಾಗುವುದು ರಬ್ಬರ್. ಚೀಲದ ಕೆಳಭಾಗ ಮಡಚಿ ಬಿಚ್ಚುವ ಜಾಗದಲ್ಲಿ ವರ್ಷಗಟ್ಟಲೆ ಬಾಗಿ ಬಾಗಿ ಸಣ್ಣ ಸಣ್ಣ ಬಿರುಕು ಬೀಳುತ್ತೆ. ನಮ್ಮ ಕಡೆಯ ಕೆಂಪು ಮಣ್ಣು, ಮರಳು ಆ ಮಡಿಕೆಯೊಳಗೆ ಸೇರಿಕೊಂಡರೆ ಉಪ್ಪುಕಾಗದದಂತೆ ಉಜ್ಜುತ್ತೆ. ವಾಲ್ವ್ ಬ್ಲಾಕ್‌ನೊಳಗೆ ಸಣ್ಣ ರಬ್ಬರ್ ರಿಂಗ್‌ಗಳಿವೆ, ಅವೂ ಗಟ್ಟಿಯಾಗಿ ಸೋರುತ್ತವೆ. ನೈಲಾನ್ ಪೈಪು ಉಜ್ಜಿ ಸವೆಯಬಹುದು, ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದಿರಲೂಬಹುದು.

ಸೋರಿಕೆ ಸಣ್ಣದಾಗಿದ್ದರೆ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕಂಪ್ರೆಸರ್ ಅದನ್ನು ಮುಚ್ಚಿಹಾಕುತ್ತಿರುತ್ತೆ. ಮುಖ್ಯ ವಿಷಯ ಇರುವುದು ಇಲ್ಲೇ. ಆ ಕಂಪ್ರೆಸರ್ ಆಗಾಗ ಸ್ವಲ್ಪ ಹೊತ್ತು ಓಡಿ ನಿಲ್ಲಲು ಮಾಡಿದ್ದು, ಪಂಕ್ಚರ್ ಅಂಗಡಿಯದರ ಹಾಗೆ ದಿನವಿಡೀ ದುಡಿಯಲು ಅಲ್ಲ. ಸೋರಿದ್ದನ್ನು ತುಂಬಲು ಪದೇ ಪದೇ ಓಡಿದರೆ ಬಿಸಿಯಾಗುತ್ತೆ, ಒಳಗಿನ ಪಿಸ್ಟನ್ ಸೀಲ್ ಸವೆಯುತ್ತೆ, ಕೊನೆಗೆ ಮೋಟಾರೇ ಸುಡುತ್ತೆ. ಇದರ ರಿಲೇ ಅಂಟಿಕೊಂಡರಂತೂ ಗಾಡಿ ಆಫ್ ಮಾಡಿದರೂ ಓಡುತ್ತಲೇ ಇದ್ದು ಬ್ಯಾಟರಿ ಖಾಲಿ ಮಾಡುವುದುಂಟು. ಡ್ರೈಯರ್‌ನಲ್ಲಿರುವ, ತೇವ ಹೀರುವ ಹರಳುಗಳಿಗೂ ಒಂದು ಮಿತಿ ಇದೆ. ತಿಂಗಳುಗಟ್ಟಲೆ ಬಿಡದೆ ಮಳೆ ಸುರಿಯುವ ಮಲೆನಾಡಿನ ಹವೆಯಲ್ಲಿ ಕಂಪ್ರೆಸರ್ ಹೆಚ್ಚು ಓಡಿದಷ್ಟೂ ತೇವ ಹೆಚ್ಚು ಒಳಗೆ ಹೋಗುತ್ತೆ. ಹರಳು ತೊಯ್ದ ಮೇಲೆ ನೀರು ನೇರ ವಾಲ್ವ್ ಬ್ಲಾಕ್‌ಗೆ.

ಹೀಗೆ ಒಂದು ಸಣ್ಣ ಸೋರಿಕೆ ಮೂರು ದೊಡ್ಡ ಬಿಲ್ ಆಗುತ್ತೆ. ಸೋರಿಕೆ ನೋಡದೆ ಹೊಸ ಕಂಪ್ರೆಸರ್ ಹಾಕಿಸಿದವರ ಹೊಸ ಕಂಪ್ರೆಸರ್ ಸಹ ಅದೇ ದಾರಿ ಹಿಡಿಯುತ್ತೆ. "ಏರ್ ಸಸ್ಪೆನ್ಷನ್ ನಂಬೋ ಹಾಗಿಲ್ಲ" ಎನ್ನುವ ಮಾತಿನ ಹಿಂದೆ ಬಹುಪಾಲು ಇರುವುದು ಇದೇ.

ಸೋರಿಕೆ ಹುಡುಕುವುದು

ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಒಂದು ಅಳತೆ ಟೇಪು, ಸೋಪಿನ ನೀರು, ಸ್ಪ್ರೇ ಬಾಟಲಿ ಸಾಕು.

ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ಬರೆದಿಟ್ಟುಕೊಳ್ಳಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಬೇಕು, ಯಾಕೆಂದರೆ ಬಾಗಿಲು ತೆಗೆದ ಕೂಡಲೇ ಕಂಪ್ಯೂಟರ್ ಎಚ್ಚರವಾಗಬಹುದು. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ಗಾಬರಿ ಬೇಡ. ರಾತ್ರಿ ಚಳಿಗೆ 10 ಡಿಗ್ರಿ ಇಳಿದರೆ ಒಳಗಿನ ಗಾಳಿಯ ಒತ್ತಡ ಸುಮಾರು 3 ಶೇಕಡಾ ತಾನಾಗಿಯೇ ಇಳಿಯುತ್ತೆ.

ಇಲ್ಲೊಂದು ಮೋಸ ಇದೆ. ಈ ಗಾಡಿಗಳ ಕಂಪ್ಯೂಟರ್ ನಿಂತಿರುವಾಗಲೂ ಆಗಾಗ ಎದ್ದು, ಒಂದು ಮೂಲೆ ತಗ್ಗಿದ್ದರೆ ಉಳಿದ ಮೂರನ್ನೂ ಅದಕ್ಕೆ ಸಮ ಮಾಡಲು ಗಾಳಿ ಬಿಡುತ್ತೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಕೂತಿರುತ್ತೆ, ನಾಲ್ಕೂ ಚೀಲ ಹೋಗಿದೆ ಅಂತ ಅಂದಾಜಾಗುತ್ತೆ. ನಾಲ್ಕು ಚೀಲದ ಬಿಲ್ ಬರುವುದೂ ಹೀಗೆಯೇ. ಆದ್ದರಿಂದ ಮಾಲೀಕರ ಕೈಪಿಡಿ ನೋಡಿ ಸಸ್ಪೆನ್ಷನ್ ಫ್ಯೂಸ್ ತೆಗೆದು ಒಂದು ರಾತ್ರಿ ಬಿಡಬೇಕು. ಆಗ ನಿಜವಾಗಿ ಸೋರುವ ಮೂಲೆ ಮಾತ್ರ ಕೂರುತ್ತೆ.

ಆ ಮೂಲೆಯ ಚೀಲದ ಮಡಿಕೆ, ಪೈಪ್ ಸೇರುವ ಜಾಗ, ಆಮೇಲೆ ವಾಲ್ವ್ ಬ್ಲಾಕ್ ಸುತ್ತ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುತ್ತೆ. ಚೀಲದ ಬಿರುಕು ಎಷ್ಟೋ ಸಲ ಗಾಡಿ ಪೂರ್ತಿ ಮೇಲಿರುವಾಗ ಮಾತ್ರ, ಅಥವಾ ತಗ್ಗಿರುವಾಗ ಮಾತ್ರ ಸೋರುತ್ತೆ, ಹಾಗಾಗಿ ಎರಡೂ ಎತ್ತರದಲ್ಲಿ ನೋಡಬೇಕು. ಲಾರಿಗಳ ಏರ್ ಬ್ರೇಕ್ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಇದು ಕಾರ್ ಮೆಕ್ಯಾನಿಕ್‌ಗಿಂತ ಚೆನ್ನಾಗಿ ಬರುತ್ತೆ. ಪಿ38ರಂಥ ಗಾಡಿಯ 6 ಮಿ.ಮೀ. ನೈಲಾನ್ ಪೈಪು, ಒತ್ತಿ ಕೂರಿಸುವ ಜಾಯಿಂಟು ಲಾರಿ ಬಿಡಿಭಾಗದ ಅಂಗಡಿಯಲ್ಲೇ ಸಿಗಬಹುದು. ಅಳತೆ, ಒತ್ತಡದ ಗುರುತು ನೋಡಿ ತೆಗೆದುಕೊಳ್ಳಬೇಕು.

ಸೋರಿಕೆ ಇಲ್ಲದೆಯೂ ಗಾಡಿ ತಪ್ಪಾಗಿ ನಿಂತರೆ ಎತ್ತರದ ಸೆನ್ಸರ್ ಸವೆದಿರಬಹುದು. ಇದಕ್ಕೆ ಮಾತ್ರ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್‌ಗೆ ಸಸ್ಪೆನ್ಷನ್ ಕಂಪ್ಯೂಟರ್ ಕಾಣುವುದೇ ಇಲ್ಲ. ಸೆನ್ಸರ್ ಬದಲಿಸಿದರೆ ನಾಲ್ಕೂ ಮೂಲೆಯ ಎತ್ತರವನ್ನು ಯಂತ್ರದಿಂದ ಮತ್ತೆ ಹೊಂದಿಸಬೇಕು. ಅದನ್ನು ಬಿಟ್ಟರೆ ಗಾಡಿ ಒಂದು ಕಡೆ ವಾಲಿಯೇ ಓಡುತ್ತೆ.

ಹಾಗಾದರೆ ಕಾಯಿಲ್ ಯಾವಾಗ ಸರಿ

ಚೀಲ, ಕಂಪ್ರೆಸರ್, ವಾಲ್ವ್ ಬ್ಲಾಕ್ ಎಲ್ಲವೂ ಒಟ್ಟಿಗೆ ಹೋಗಿದ್ದು, ರಿಪೇರಿ ಲೆಕ್ಕ ಗಾಡಿಯ ಬೆಲೆಯ ಹತ್ತಿರ ಬರುತ್ತಿದ್ದರೆ ಕಾಯಿಲ್ ಯೋಚಿಸಬಹುದು. ಮಾಲೀಕರು ಎತ್ತರದ ಗುಂಡಿಯನ್ನು ಮುಟ್ಟಿಯೇ ಇಲ್ಲ, ಗಾಡಿ ಪೇಟೆ ಹಾಗೂ ಹೆದ್ದಾರಿಗೆ ಮಾತ್ರ, ಸ್ಕ್ಯಾನರ್ ಇರುವ ಗ್ಯಾರೇಜ್ 200 ಕಿಲೋಮೀಟರ್ ದೂರ ಎನ್ನುವ ಸ್ಥಿತಿಯಲ್ಲಿ ಅದು ಬುದ್ಧಿವಂತಿಕೆಯೇ. ಕಾಯಿಲ್ ರಾತ್ರೋರಾತ್ರಿ ಕೂರುವುದಿಲ್ಲ. ಮುರಿಯಬಹುದು, ಆದರೆ ಅಪರೂಪ. ಚಾರ್ಮಾಡಿ ಘಾಟಿಯ ಮಧ್ಯೆ ರಾತ್ರಿ ಹನ್ನೊಂದಕ್ಕೆ ನಿಂತುಬಿಡುವ ಭಯ ಕಡಿಮೆ. ಆ ನೆಮ್ಮದಿಗೂ ಬೆಲೆ ಇದೆ.

ಒಂದೇ ಚೀಲ ಸೋರುತ್ತಿದೆ, ಕಂಪ್ರೆಸರ್ ಇನ್ನೂ ಗಟ್ಟಿಯಾಗಿದೆ ಎನ್ನುವ ಗಾಡಿಗೆ ಕಾಯಿಲ್ ಹಾಕಿಸುವುದು ಮಾತ್ರ ದುಡ್ಡು ದಂಡ. ಭಾರ ಹೊರುವವರು, ಟ್ರೇಲರ್ ಎಳೆಯುವವರು, ತೋಟದ ದಾರಿಯಲ್ಲಿ ಓಡಿಸುವವರು ಗಾಳಿಯನ್ನೇ ಉಳಿಸಿಕೊಳ್ಳುವುದು ಮೇಲು. ಚೀಲಗಳನ್ನು ಒಂದು ಆಕ್ಸಲ್‌ನ ಎರಡೂ ಬದಿಗೆ ಜೊತೆಯಾಗಿ ಹಾಕಿಸಿ, ಡ್ರೈಯರ್ ಹರಳು ಬದಲಿಸಿ, ವಾಲ್ವ್ ಬ್ಲಾಕ್‌ಗೆ ಹೊಸ ರಿಂಗ್ ಹಾಕಿಸಿದರೆ ಗಾಡಿ ಮತ್ತೆ ಕೆಲವು ವರ್ಷ ತಕರಾರಿಲ್ಲದೆ ಓಡುತ್ತೆ. ಚೀಲ ಎಂಜಿನ್ ಆಯಿಲ್‌ನಂತೆ ಸವೆಯುವ ಸಾಮಾನು ಅಂತ ಮೊದಲೇ ಲೆಕ್ಕ ಹಾಕಿಕೊಂಡವರಿಗೆ ಇದು ಬೇಸರ ತರುವುದಿಲ್ಲ. ಸತ್ತ ಮೇಲೆ ನೋಡೋಣ ಅನ್ನುವವರಿಗೇ ಕಾಟ.

ಇನ್ನು ಮಾದರಿಯ ಪ್ರಶ್ನೆ. ಡಿಸ್ಕವರಿ 2ರಲ್ಲಿ ಗಾಳಿ ಹಿಂದೆ ಮಾತ್ರ, ಅದೇ ಗಾಡಿ ಹಿಂದೆ ಕಾಯಿಲ್ ಇಟ್ಟುಕೊಂಡೂ ಕಂಪನಿಯಿಂದ ಬಂದಿದೆ. ಹಾಗಾಗಿ ಬದಲಿಸುವುದು ಸುಲಭ, ಅಳತೆಯೂ ಕಂಪನಿಯದೇ. ಪಿ38ರಲ್ಲಿ ಚೀಲ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ, ಮುಂದೆ ಹಿಂದೆ ಎರಡೂ ಗಟ್ಟಿ ಆಕ್ಸಲ್. ಚೀಲ ತೆಗೆದು ಸ್ಪ್ರಿಂಗ್ ಕೂರಿಸಿದರೆ ಚಕ್ರ ಹಳ್ಳದಲ್ಲಿ ಇಳಿಯುವ ಗುಣ ಅಷ್ಟೇನೂ ಕೆಡುವುದಿಲ್ಲ.

ಡಿಸ್ಕವರಿ 3, 4 ಮತ್ತು ಅದೇ ಕಾಲದ ರೇಂಜ್ ರೋವರ್ ಸ್ಪೋರ್ಟ್ ವಿಷಯ ಬೇರೆ. ಇವುಗಳಲ್ಲಿ ಚೀಲ ಮತ್ತು ಶಾಕ್ ಒಂದೇ ಸಾಮಾನು, ಇಡೀ ಸ್ಟ್ರಟ್ ಬದಲಿಸಬೇಕು. ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳು ಉಬ್ಬುತಗ್ಗು ಜಾಗದಲ್ಲಿ ಸಾಮಾನ್ಯವಾಗಿ ಒಂದು ಚಕ್ರ ಎತ್ತಿಬಿಡುತ್ತವೆ. ಲ್ಯಾಂಡ್ ರೋವರ್ ಇದಕ್ಕೆ ಒಂದು ಉಪಾಯ ಮಾಡಿದೆ: ಕಚ್ಚಾ ದಾರಿಯಲ್ಲಿ ಎಡ ಬಲ ಚೀಲಗಳ ನಡುವೆ ವಾಲ್ವ್ ತೆರೆದು ಗಾಳಿ ಆಚೀಚೆ ಹರಿಯಲು ಬಿಡುತ್ತೆ. ಒಂದು ಚಕ್ರ ಮೇಲೆ ಹೋದರೆ ಅಲ್ಲಿನ ಗಾಳಿ ಇನ್ನೊಂದು ಚಕ್ರವನ್ನು ಕೆಳಗೆ ಒತ್ತುತ್ತೆ, ಹಳೇ ಗಟ್ಟಿ ಆಕ್ಸಲ್‌ನ ಹಾಗೆ. ಕಾಯಿಲ್ ಹಾಕಿದ ದಿನ ಈ ಗುಣ ಹೋಯಿತು. ಎತ್ತರ ಬದಲಿಸುವುದೂ ಹೋಯಿತು. ಮಣ್ಣು, ಮರಳು, ಕಲ್ಲು ಎಂದು ತಿರುಗಿಸುವ ಗುಂಡಿ ಇದ್ದರೂ ಅದರ ಅರ್ಧ ಕೆಲಸ ನಿಂತಿತು. ನಾಲ್ಕು ಚಕ್ರದ ಎಳೆತ ಉಳಿಯುತ್ತೆ ನಿಜ, ಆದರೆ ದುಬಾರಿ ಗಾಡಿ ಕೊಂಡದ್ದರ ಒಂದು ದೊಡ್ಡ ಕಾರಣ ಗ್ಯಾರೇಜಿನ ಗುಜರಿ ಮೂಲೆಯಲ್ಲಿ ಬಿದ್ದಿರುತ್ತೆ. ಅಷ್ಟಕ್ಕೇ ಆದರೆ ಹಳೇ ಫಾರ್ಚೂನರ್ ಕೊಂಡಿದ್ದರೆ ಆಗುತ್ತಿತ್ತು. ಅದಕ್ಕೆ ಹುಟ್ಟಿನಿಂದಲೇ ಕಾಯಿಲ್, ಸಾಮಾನು ಊರೂರಲ್ಲಿ.

ಹಾಕಿಸುವುದೇ ಆದರೆ

ಆ ಮಾದರಿಗೆಂದೇ ಮಾಡಿದ ಪೂರ್ತಿ ಕಿಟ್ ಹಾಕಿಸಬೇಕು. ಸ್ಪ್ರಿಂಗ್ ಗಾಡಿಯ ತೂಕಕ್ಕೆ, ಎಂಜಿನ್‌ಗೆ ಹೊಂದಬೇಕು. ಡೀಸೆಲ್ ಎಂಜಿನ್ ಭಾರ ಬೇರೆ, ಪೆಟ್ರೋಲ್ ಬೇರೆ. ಸ್ಪ್ರಿಂಗ್ ಕೂರುವ ತಟ್ಟೆ, ಹೊಂದುವ ಶಾಕ್, ಎಚ್ಚರಿಕೆ ದೀಪ ಆರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಎಲ್ಲ ಸೇರಿರಬೇಕು. ದೀಪದ ಬಲ್ಬ್ ಕಿತ್ತು, ಇಲ್ಲವೇ ಟೇಪ್ ಅಂಟಿಸಿ ಮುಗಿಸುವುದು ಕೆಲಸವಲ್ಲ. ಸಸ್ಪೆನ್ಷನ್ ದೋಷ ಕಂಡರೆ ಕಂಪ್ಯೂಟರ್ ಬೇರೆ ವ್ಯವಸ್ಥೆಗಳನ್ನೂ ನಿಲ್ಲಿಸಬಹುದು. ಪಿ38ರಲ್ಲಿ ದೋಷ ಬಂದರೆ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ಮೀರಬೇಡಿ ಅಂತ ಬರಹವೇ ಬರುತ್ತೆ.

ಗುಜರಿಯಿಂದ ಬೇರೆ ಗಾಡಿಯ ಸ್ಪ್ರಿಂಗ್ ತಂದು, ಎತ್ತರ ಜಾಸ್ತಿ ಆಯಿತು ಅಂತ ಕತ್ತರಿಸಿ ಕೂರಿಸುವವರಿದ್ದಾರೆ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತೆ. 8 ಸುರುಳಿಯದನ್ನು 6ಕ್ಕೆ ಕತ್ತರಿಸಿದರೆ ಮೂರನೇ ಒಂದು ಭಾಗದಷ್ಟು ಹೆಚ್ಚು ಗಟ್ಟಿ. ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ಕಟ್ಟರ್‌ನ ಬಿಸಿಗೆ ಉಕ್ಕಿನ ಹದವೂ ಹೋಗಿರುತ್ತೆ. ಎರಡು ಟನ್ನಿಗೂ ಹೆಚ್ಚು ತೂಗುವ ಗಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಇದರ ಪರಿಣಾಮ ಊಹಿಸಿಕೊಳ್ಳಬಹುದು. ಮುಂದೆ ಗಾಳಿ, ಹಿಂದೆ ಕಾಯಿಲ್ ಅಂತ ಅರ್ಧಂಬರ್ಧ ಮಾಡುವುದೂ ಬೇಡ. ಕಂಪನಿಯೇ ಹಾಗೆ ಮಾಡಿ ಕೊಟ್ಟಿದ್ದರೆ ಮಾತ್ರ ಸರಿ.

ಕಾಗದಪತ್ರದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಹಾಗೂ ವಿಮಾ ಕಂಪನಿಗೆ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಂಡರೆ, ಮುಂದೆ ಕ್ಲೇಮ್ ಸಮಯದಲ್ಲಿ ವಾದ ಮಾಡಬೇಕಾಗಿಲ್ಲ. 15 ವರ್ಷ ತುಂಬಿದ ಗಾಡಿಗೆ ಆರ್‌ಸಿ ನವೀಕರಿಸುವಾಗ ತಪಾಸಣೆಯೂ ಇರುತ್ತೆ. ಹೊರರಾಜ್ಯದ ಗಾಡಿಯಾದರೆ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡಾಗ ಇಲ್ಲಿನ ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಹೇಳುವಾಗ ಈ ಲೆಕ್ಕವನ್ನು ಹಲವರು ಬಿಟ್ಟೇ ಹೇಳುತ್ತಾರೆ.

ಕೊಳ್ಳಲು ಹೋದಾಗ

ಮಾರುವವರು ಗಾಡಿಯನ್ನು ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಎತ್ತರಕ್ಕೆ ನಿಲ್ಲಿಸಿ ತೋರಿಸುತ್ತಾರೆ. ಹಿಂದಿನ ರಾತ್ರಿಯೇ ಹೋಗಿ ಅಳತೆ ಬರೆದುಕೊಂಡು, ಬೆಳಿಗ್ಗೆ ಅವರು ಕೀಲಿ ಹಾಕುವ ಮೊದಲು ಮತ್ತೆ ನೋಡುವುದು ಉತ್ತಮ. ಆಗದಿದ್ದರೆ ಎಲ್ಲಕ್ಕಿಂತ ತಗ್ಗಿಗೆ ಇಳಿಸಿ, ಮತ್ತೆ ಏರಿಸಲು ಹೇಳಿ. ನಾಲ್ಕೂ ಮೂಲೆ ತಡವರಿಸದೆ ಏಳಬೇಕು. ನಿಮಿಷಗಟ್ಟಲೆ ಕಂಪ್ರೆಸರ್ ಗುರುಗುಟ್ಟುತ್ತಿದ್ದರೆ, ಅಥವಾ ಒಂದು ಮೂಲೆ ಹಿಂದೆ ಬಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಯೇ ಮಾತಾಡಬೇಕು. "ಸೆನ್ಸರ್ ಸಣ್ಣ ಪ್ರಾಬ್ಲಂ ಅಷ್ಟೇ ಸಾರ್" ಅಂದರೆ, ಸಣ್ಣದಾದರೆ ರಿಪೇರಿ ಮಾಡಿಸಿಯೇ ಕೊಡಿ ಎನ್ನಬಹುದು.

ಈಗಾಗಲೇ ಕಾಯಿಲ್ ಹಾಕಿಸಿದ ಗಾಡಿಯಾದರೆ ಯಾವ ಕಿಟ್, ಬಿಲ್ ಇದೆಯಾ, ತೆಗೆದ ಗಾಳಿ ಸಾಮಾನು ಇಟ್ಟಿದ್ದಾರಾ ಎಂದು ಕೇಳಬೇಕು. ಬಿಲ್ ಇಲ್ಲದ ಕಾಯಿಲ್ ಗಾಡಿಗಿಂತ ಸೋರುವ ಗಾಳಿ ಗಾಡಿಯೇ ವಾಸಿ, ಅದರ ದೋಷ ಏನಂತಲಾದರೂ ಗೊತ್ತಿರುತ್ತೆ. ಮರ್ಸಿಡಿಸ್ ಜಿಎಲ್, ಏರ್ ಸಸ್ಪೆನ್ಷನ್ ಇರುವ ಆಡಿ ಕ್ಯೂ7 ನೋಡುವವರಿಗೂ ಈ ಪರೀಕ್ಷೆಗಳೇ ಅನ್ವಯ.

ಪಂಕ್ಚರ್ ಅಂಗಡಿಯವರು ಗಮನಿಸಬೇಕಾದ್ದು

ಹಳೇ ರೇಂಜ್ ರೋವರ್‌ಗಳಲ್ಲಿ ಕೆಲವು ಮಾಲೀಕರು ಪ್ರತಿ ಚೀಲದ ಪೈಪಿಗೆ ಟೈರಿನಲ್ಲಿರುವಂಥದೇ ವಾಲ್ವ್ ಸೇರಿಸಿಟ್ಟಿರುತ್ತಾರೆ. ಕಂಪ್ರೆಸರ್ ಕೈಕೊಟ್ಟ ದಿನ ಪಂಕ್ಚರ್ ಅಂಗಡಿಯ ಗಾಳಿಯಿಂದಲೇ ಗಾಡಿ ಎತ್ತಿ ಊರು ಸೇರಿಕೊಳ್ಳಲು ಇದು ವ್ಯವಸ್ಥೆ. ಚೀಲ ಸಣ್ಣದು, ಟೈರಿನಷ್ಟು ಗಾಳಿ ಹಿಡಿಯುವುದಿಲ್ಲ, ಒತ್ತಡ ಸರ್ರನೆ ಏರುತ್ತೆ. ಸ್ವಲ್ಪ ಸ್ವಲ್ಪವೇ ಬಿಟ್ಟು, ಗಾಡಿ ಸಾಮಾನ್ಯ ಎತ್ತರಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಎಡ ಬಲ ಸಮ ಇರಲಿ.

ಏರ್ ಸಸ್ಪೆನ್ಷನ್ ಗಾಡಿಗೆ ಜಾಕ್ ಕೊಡುವಾಗ ಎಂಜಿನ್ ಆಫ್ ಆಗಿರಬೇಕು, ಮಾಲೀಕರನ್ನು ಕೇಳಿ ಸಸ್ಪೆನ್ಷನ್ ಹೊಂದಿಕೆ ನಿಲ್ಲಿಸಿರಬೇಕು. ಗಾಡಿ ಎತ್ತಿದ್ದನ್ನು ಸೆನ್ಸರ್ ಕಂಡು ಕಂಪ್ಯೂಟರ್ ತಾನಾಗಿ ಗಾಳಿ ಬಿಡಬಹುದು. ಚೀಲ ಒಡೆದರೆ ಅಥವಾ ಪೈಪ್ ಕಳಚಿದರೆ ಎರಡು ಟನ್ ಭಾರ ಒಂದೇ ಏಟಿಗೆ ಕೆಳಗಿಳಿಯುತ್ತೆ, ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಕೈ ಇದ್ದರೆ ಕೈ, ಅಡಿಯಲ್ಲಿ ಮನುಷ್ಯ ಇದ್ದರೆ ಮನುಷ್ಯ. ಗಾಳಿಯ ಮೇಲೆ ಎತ್ತರಕ್ಕೆ ನಿಂತ ಗಾಡಿಯಡಿ ಯಾವ ಕಾರಣಕ್ಕೂ ನುಸುಳಬಾರದು. ಚಾಸಿಸ್‌ಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಲಸ. ಪೂರ್ತಿ ಕೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆದರೆ ಟೈರ್ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತೆ, ಮುರಿದ ರಸ್ತೆಯಲ್ಲಿ ಅಡಿಭಾಗ ಬಡಿಯುತ್ತೆ. ಮೇಲೆ ಹತ್ತಿಸಿಕೊಂಡು ಹೋಗುವ ಟೋಯಿಂಗ್ ಲಾರಿ ಕರೆಸಬೇಕು, ಕರೆಸುವಾಗಲೇ ಗಾಡಿ ನೆಲಕ್ಕೆ ಕೂತಿದೆ ಅಂತ ಹೇಳಿದರೆ ಅವರು ಹತ್ತಿಸಲು ಹಲಗೆ ತರುತ್ತಾರೆ.